ಭಂಡಾರ ಮುಟ್ಟಿದ ಕೈಗೆ ಗುಳಿಗೆ

ನರ್ಸಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬಸವನ ಬಾಗೇವಾಡಿಯಲ್ಲಿ ನಿವೃತ್ತಳಾಗಿ ಇಲ್ಲೇ ಉಳಿದುಬಿಟ್ಟೆ, ಮನೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಇದೆ. ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಹೇಳಿರಿ ಎನ್ನುತ್ತಾರೆ. ನಾನು ಶುರು ಮಾಡಿದರೆ ದನಿ ಏರುತ್ತದೆ, ಚಹಾ ಆರುತ್ತದೆ, ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದಕ್ಕೇ ಬರೆದೇಬಿಡೋಣ ಎಂದು ಕೂತಿದ್ದೇನೆ. ಬರೆಯುವಾಗಲೂ ದನಿ ಏರುತ್ತಿದೆ, ಅದಕ್ಕೆ ನಾನೇನೂ ಮಾಡಲಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ನನ್ನ ಇಡೀ ನೌಕರಿ ಈ ನಾಲ್ಕು ತಾಲೂಕುಗಳಲ್ಲೇ ಸವೆಯಿತು. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಎಲ್ಲರಿಗೂ ಇದ್ದದ್ದೇ, ಅದನ್ನು ಬಿಡಿ. ಹೆರಿಗೆ ಮಾಡಿಸಿದ್ದೇನೆ, ಹಾವು ಕಚ್ಚಿದವರ ಪಕ್ಕ ಕೂತಿದ್ದೇನೆ, ಸುಟ್ಟ ಮೈಗೆ ಮುಲಾಮು ಹಚ್ಚಿದ್ದೇನೆ. ಅದೆಲ್ಲ ಕೆಲಸ, ಮಾಡಿದೆ, ಮನೆಗೆ ಬಂದೆ. ಆದರೆ ಒಂದು ಸಂಗತಿ ಮಾತ್ರ ಇವತ್ತಿಗೂ ನನ್ನ ಮೈ ಉರಿಸುತ್ತದೆ. ಕುಡಿತ ಬಿಡಲು ಔಷಧಿ ಇದೆ. ಕೊಡುವ ಡಾಕ್ಟರ್ ಇದ್ದಾರೆ. ತೆಗೆದುಕೊಳ್ಳಲು ಕುಡಿಯುವವನೇ ತಯಾರಿದ್ದಾನೆ. ಬೇಡ ಎನ್ನುವವರು ಯಾರು? ಅವನ ಸುತ್ತ ನಿಂತ ಅವನದೇ ಮಂದಿ. ಪ್ರೀತಿಯಿಂದಲೇ ಬೇಡ ಎನ್ನುತ್ತಾರೆ ನೋಡಿ, ಅದಕ್ಕೇ ನನಗೆ ಎರಡು ಪಟ್ಟು ಸಿಟ್ಟು.

ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ. ನಮ್ಮದು ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ವೈಷ್ಣವರ ಮನೆ. ಏಕಾದಶಿಯ ಉಪವಾಸ, ತುಳಸಿ ಪೂಜೆ, ಮಡಿ, ಎಲ್ಲ ಕಟ್ಟುನಿಟ್ಟು. ನನ್ನ ಸೋದರಮಾವ ಮಾಸ್ತರರಾಗಿದ್ದರು, ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದರು. ಯಾರಾದರೂ ಬಂದು ಮಾಸ್ತರು ಎಲ್ಲಿ ಎಂದು ಕೇಳಿದರೆ, ಪಿತ್ತ ಆಗ್ಯದ, ಮಲ್ಕೊಂಡಾರ ಎನ್ನಬೇಕೆಂದು ನಮಗೆ ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಕೊನೆಕೊನೆಗೆ ನಿಜವಾಗಿಯೂ ಪಿತ್ತಕ್ಕೆಂದು ಶುಂಠಿ ಕಷಾಯ ಮಾಡಿ ಕೊಡುತ್ತಿದ್ದರು! ಮಾವ ಹಳದಿಯಾಗಿ, ಹೊಟ್ಟೆ ಊದಿಕೊಂಡು ಸತ್ತರು. ಪಿತ್ತ ನೆತ್ತಿಗೇರಿತು ಎಂದು ನಮ್ಮಮ್ಮ ಬಂದವರಿಗೆಲ್ಲ ಹೇಳಿದಳು. ನರ್ಸಿಂಗ್ ಕಲಿಯುವಾಗ ಲಿವರಿನ ಪಾಠ ಬಂದ ದಿನ ನಾನು ಕ್ಲಾಸಿನಲ್ಲಿ ಕೂತು ಅತ್ತೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಲೊಬ್ಬ ಡಾಕ್ಟರ್ ಇದ್ದರು. ಯಾವ ಊರು ಎಂದು ಹೇಳುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಹೆರಿಗೆಯಲ್ಲಿ ಅವರದು ಬಂಗಾರದಂಥ ಕೈ. ಆದರೆ ಕುಡಿದ ವಾಸನೆ ಬಂದರೆ ಸಾಕು, ಆ ಮನುಷ್ಯನನ್ನು ವಾರ್ಡಿನ ಬಾಗಿಲಲ್ಲೇ ತಡೆದು, ಇಳಿದ ಮೇಲೆ ಕರೆದುಕೊಂಡು ಬನ್ನಿ ಎನ್ನುತ್ತಿದ್ದರು. ಇಳಿದ ಮೇಲೆ ಅವನು ಗಡಗಡ ನಡುಗುತ್ತ ಬಂದರೆ, ಈಗ ಕುಡಿದಿಲ್ಲವಲ್ಲ, ಮತ್ತೇಕೆ ಬಂದೆ ಎಂದು ಕಳಿಸುತ್ತಿದ್ದರು. ಹಾಗಾದರೆ ಬರಬೇಕಾದದ್ದು ಯಾವಾಗ ಸರ್, ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ. ಮರುದಿನವೇ ನನ್ನನ್ನು ಡ್ರೆಸ್ಸಿಂಗ್ ರೂಮಿಗೆ ಹಾಕಿದರು. ಬ್ಯಾಂಡೇಜ್ ಸುತ್ತುವುದರಲ್ಲಿ ನನ್ನ ಕೈ ಅಷ್ಟು ಚುರುಕಾದದ್ದು ಅವರ ಕೃಪೆಯಿಂದಲೇ.

ಆಗಿನ ರೀತಿಯೇ ಹಾಗಿತ್ತು. ಕುಡಿತ ಬಿಟ್ಟು ನಡುಕ ಹತ್ತಿದವನನ್ನು ಮಂಚಕ್ಕೆ ಕಟ್ಟುವುದು, ಒಂದು ಗ್ಲೂಕೋಸ್ ಬಾಟಲಿ ಏರಿಸುವುದು, ಮನಸ್ಸು ಗಟ್ಟಿ ಮಾಡಿಕೋ ಎಂದು ಬುದ್ಧಿ ಹೇಳುವುದು. ಬಹಳ ವರ್ಷಗಳ ಮೇಲೆ ನಮಗೆ ತರಬೇತಿ ಕೊಟ್ಟರು. ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಮತಿ ತಪ್ಪಬಹುದು, ಜೀವವೇ ಹೋಗಬಹುದು ಎಂದು ಆಗ ಗೊತ್ತಾಯಿತು. ಅದನ್ನು ತಡೆಯಲು ಗುಳಿಗೆಗಳಿವೆ, ಡಾಕ್ಟರ್ ನೋಡುತ್ತ ನೋಡುತ್ತ ಅವನ್ನು ಇಳಿಸಿಕೊಂಡು ಬರುತ್ತಾರೆ. ಗ್ಲೂಕೋಸಿಗಿಂತ ಮೊದಲು ಬಿ-ಒನ್ ವಿಟಮಿನ್ನಿನ ಇಂಜೆಕ್ಷನ್ ಕೊಡಬೇಕು. ಮೈ ಸರಿಯಾದ ಮೇಲೆ ಕುಡಿಯಬೇಕೆನ್ನುವ ಆಸೆಯನ್ನು ತಗ್ಗಿಸುವ ಗುಳಿಗೆ ಬೇರೆ ಇದೆ. ಇಷ್ಟೆಲ್ಲ ಇತ್ತು, ನಾವು ಹಗ್ಗ ಹುಡುಕುತ್ತಿದ್ದೆವು! ತರಬೇತಿಯ ಕೊಠಡಿಯಿಂದ ಹೊರಗೆ ಬಂದಾಗ ನನಗೆ ಮಾವನ ಹಳದಿ ಕಣ್ಣು ನೆನಪಾಯಿತು.

ಔಷಧಿ ಎಂದರೆ ಕದ್ದು ಹಾಕುವುದು ಎಂದು ತಿಳಿದವರೂ ಇದ್ದಾರೆ, ಅದನ್ನೂ ಹೇಳುತ್ತೇನೆ. ಇಂಡಿಯಲ್ಲಿದ್ದಾಗ ಹೊರ್ತಿ ಕಡೆಯ ಒಬ್ಬ ಹೆಣ್ಣುಮಗಳು ಗಂಡನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದಳು. ಅವನ ಮುಖ ಇಟ್ಟಂಗಿಯಷ್ಟು ಕೆಂಪು, ವಾಂತಿ ನಿಲ್ಲವಲ್ಲದು, ಬಿಪಿ ಇಳಿಯುತ್ತಿದೆ. ಉಂಡದ್ದು ಹೊಂದಲಿಲ್ಲ ಎಂದಳು. ಪಕ್ಕಕ್ಕೆ ಕರೆದು ಕೇಳಿದಾಗ ಸೆರಗಿನ ಗಂಟು ಬಿಚ್ಚಿ ಒಂದು ಪುಡಿಯ ಪೊಟ್ಟಣ ತೋರಿಸಿದಳು. ಸಂತೆಯಲ್ಲಿ ಯಾವನೋ ಮಾರಿದ್ದನಂತೆ, ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ ಎಂದು. ದಿನವೂ ಗಂಡನ ಚಹಾದಲ್ಲಿ ಹಾಕುತ್ತಿದ್ದಳು. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮೈ ತಿರುಗಿ ಬೀಳುವಂಥ ಔಷಧಿ ಆ ಪುಡಿಯಲ್ಲಿ ಇದ್ದಿರಬೇಕು ಎಂದರು ನಮ್ಮ ಡಾಕ್ಟರ್. ಅಂಥ ಔಷಧಿಯನ್ನು ತಿಳಿದು ತೆಗೆದುಕೊಳ್ಳುವವನು ಕುಡಿಯುವ ಗೋಜಿಗೆ ಹೋಗುವುದಿಲ್ಲ. ತಿಳಿಯದವನು ಅದರ ಮೇಲೆ ಕುಡಿಯುತ್ತಾನೆ, ಹೀಗೆ ಬರುತ್ತಾನೆ.

ಆ ಮನುಷ್ಯ ಬದುಕಿದ. ಆದರೆ ಚಹಾದ ಸಂಗತಿ ಗೊತ್ತಾದ ದಿನದಿಂದ ಹೆಂಡತಿಯ ಕೈಯ ಊಟ ಬಿಟ್ಟ. ಆಮೇಲೊಮ್ಮೆ ಆಕೆ ಬಂದು, ನೀರು ಕೊಟ್ಟರೂ ಚೆಲ್ಲುತ್ತಾನೆ ಎಂದು ಅತ್ತಳು. ಕುಡಿತವಂತೂ ನಿಲ್ಲಲಿಲ್ಲ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಬೇರೆ ದಾರಿ ತೋರಿಸಿದವರು ಯಾರಿದ್ದರು? ಆ ಪುಡಿ ಮಾರುವವನು ಮಾತ್ರ ನನ್ನ ಕೈಗೆ ಸಿಗಬೇಕಿತ್ತು. ಅಂಥವರು ಇವತ್ತೂ ಇದ್ದಾರೆ, ಈಗ ಫೋನಿನಲ್ಲೇ ಜಾಹೀರಾತು ಬರುತ್ತದೆ.

ಈಗ ಈರಣ್ಣನ ಸಂಗತಿ. ಇದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು.

ಈರಣ್ಣ ಟೇಲರ್. ಅಂಗಡಿ ಹೂವಿನ ಹಿಪ್ಪರಗಿಯಲ್ಲಿ, ಮನೆ ಅಲ್ಲಿಂದ ಆಚೆಗೆ ಒಂದು ಸಣ್ಣ ಊರಲ್ಲಿ. ನಾನು ಬಾಗೇವಾಡಿಗೆ ಬಂದು ವರ್ಷವಾಗಿರಬೇಕು, ಒಂದು ದಿನ ಕೈಗೆ ಟವೆಲ್ ಸುತ್ತಿಕೊಂಡು ಬಂದ. ಮಷೀನಿನ ಸೂಜಿ ಉಗುರು ತೂರಿ ಆಚೆ ಬಂದಿತ್ತು. ನಿನ್ನೆ ಮೊನ್ನೆ ಕೆಲಸ ಕಲಿತವನಿಗೆ ಹೀಗಾಗುವುದುಂಟು. ಇವನು ಆ ಭಾಗದಲ್ಲಿ ಹೆಸರಾದ ಟೇಲರ್, ಇವನು ಹೊಲಿದ ನೆಹರೂ ಶರ್ಟೇ ಆಗಬೇಕೆಂದು ಗೌಡರ ಮನೆಯವರು ಹಟ ಹಿಡಿಯುತ್ತಿದ್ದರಂತೆ. ಬೆಳಿಗ್ಗೆ ಹೊತ್ತು, ಹಣೆಯ ಮೇಲೆ ಬೆವರು, ಎರಡೂ ಕೈಯಲ್ಲಿ ನಡುಕ. ಡ್ರೆಸ್ಸಿಂಗ್ ಮಾಡುತ್ತ, ಎಷ್ಟು ದಿನದಿಂದ ಎಂದು ಮೆಲ್ಲಗೆ ಕೇಳಿದೆ. ಕೈಯ ಬಗ್ಗೆ ಕೇಳುತ್ತಿಲ್ಲ ಎಂದು ಅವನಿಗೆ ಗೊತ್ತಾಯಿತು.

"ಮುಂಜಾನಿ ಒಂದ್ ಪಾಕೀಟ್ ಶೆರೆ ಹಾಕ್ಲಿಲ್ಲಂದ್ರ ಸೂಜ್ಯಾಗ ದಾರ ಹೋಗೂದಿಲ್ರಿ ಅಕ್ಕಾರ," ಎಂದ. "ಬಿಡಬೇಕಂತೇನಿ. ಆಗವಲ್ದು."

ಇಷ್ಟು ಸರಳವಾಗಿ ಯಾರೂ ನನ್ನ ಹತ್ತಿರ ಹೇಳಿಕೊಂಡಿರಲಿಲ್ಲ. ಜಿಲ್ಲೆಯಿಂದ ಗೊತ್ತಾದ ದಿನ ಒಬ್ಬ ಮನೋವೈದ್ಯರು ಬರುತ್ತಿದ್ದರು, ಕಡಿಮೆ ಮಾತಿನ ಒಳ್ಳೆಯ ಮನುಷ್ಯ. ಒಮ್ಮೆಲೇ ನಿಲ್ಲಿಸಬೇಡ, ಅವರು ಬರುವ ದಿನ ಹೆಂಡತಿಯ ಜೊತೆ ಬಾ, ಗುಳಿಗೆ ಇವೆ ಎಂದು ಹೇಳಿದೆ. ಅವನು ಹೂಂ ಎಂದ. ಆ ವಾರದಲ್ಲೇ ಅವನ ಹೆಂಡತಿ ಸವಿತಾ ಒಬ್ಬಳೇ ಬಂದು, ಗುಳಿಗೆ ನಿಜವಾಗಿ ಇವೆಯಾ, ದಿನಾ ತಿನ್ನಬೇಕಾ, ಅವುಗಳಿಂದ ಬೇರೆ ತೊಂದರೆ ಏನಾದರೂ ಇದೆಯಾ ಎಂದು ಕೇಳಿಕೊಂಡು ಹೋದಳು. ನನ್ನ ಫೋನ್ ನಂಬರನ್ನೂ ತೆಗೆದುಕೊಂಡಳು. ಜಾಣೆ ಹೆಣ್ಣು.

ಅಷ್ಟರಲ್ಲಿ ಗುರಪ್ಪ ಕಾಕಾನಿಗೆ ಸುದ್ದಿ ಮುಟ್ಟಿತು. ಈರಣ್ಣನ ತಂದೆಯ ತಮ್ಮ ಈತ. ತಂದೆ ತೀರಿಕೊಂಡ ಮೇಲೆ ಈರಣ್ಣನನ್ನು ಬೆಳೆಸಿ, ಮಷೀನು ಕೊಡಿಸಿ, ಮದುವೆ ಮಾಡಿದವನು. ಹೊಲಮನೆ ಚೆನ್ನಾಗಿದೆ, ಊರಲ್ಲಿ ನಾಲ್ಕು ಮಂದಿ ಮಾತು ಕೇಳುತ್ತಾರೆ. ಹುಚ್ಚರ ಡಾಕ್ಟರ ಹತ್ತಿರ ಹೋದ ಎಂದು ಸುದ್ದಿಯಾದರೆ ನಾಳೆ ನಮ್ಮ ಮನೆಗೆ ಹೆಣ್ಣು ಕೊಡುವವರು ಯಾರು ಎಂದನಂತೆ. ಗುಳಿಗೆ ತಿಂದು ಚಟ ಬಿಡುವುದು ಗಂಡಸಿನ ಲಕ್ಷಣವಲ್ಲ ಎಂದನಂತೆ. ಅಮಾವಾಸ್ಯೆಗೆ ಈರಣ್ಣನನ್ನು ಬೀರದೇವರ ಗುಡಿಗೆ ಕರೆದುಕೊಂಡು ಹೋಗಿ, ಊರ ಹಿರಿಯರನ್ನು ಕೂಡಿಸಿ, ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ. ಇವತ್ತಿನಿಂದ ಶೆರೆ ಮುಟ್ಟುವುದಿಲ್ಲ ಎಂದು ಈರಣ್ಣ ಹಣೆ ತುಂಬ ಅರಿಶಿನ ಹಚ್ಚಿಕೊಂಡು ಹೇಳಿದ. ಕಾಯಿ ಒಡೆದರು, ಎಲ್ಲರೂ ಕಾಕಾನ ಬೆನ್ನು ತಟ್ಟಿದರು. ಈರಣ್ಣ ಆ ಗಳಿಗೆಯಿಂದ ನಿಲ್ಲಿಸಿಬಿಟ್ಟ. ಒಂದು ಹನಿ ಮುಟ್ಟಲಿಲ್ಲ.

ನಮ್ಮ ಕಡೆ ಈ ಆಣೆ ಹೊಸದಲ್ಲ. ಭಂಡಾರ ಮುಟ್ಟಿ ಬಿಟ್ಟವರು ಇದ್ದಾರೆ, ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿಯ ಮಾಳ ಹಾಕಿಸಿಕೊಂಡು ಬಿಟ್ಟವರು ನಮ್ಮ ಪೈಕಿಯೇ ಇದ್ದಾರೆ. ಸ್ವಲ್ಪ ಕುಡಿಯುವವನಿಗೆ ಅದು ನಡೆಯುತ್ತದೆ, ದೇವರ ಮೇಲಿನ ಭಯಭಕ್ತಿ ದೊಡ್ಡ ಆಸರೆ. ನಾನು ದೇವರನ್ನು ಬೈಯುತ್ತಿಲ್ಲ. ಆದರೆ ಮುಂಜಾನೆ ಎದ್ದು ಪಾಕೀಟು ಹಾಕದೆ ಕೈ ನಿಲ್ಲದವನ ಮೈ ಒಳಗೆ ಏನಾಗುತ್ತದೆ ಎಂದು ಆ ಹಿರಿಯರಲ್ಲಿ ಒಬ್ಬನಾದರೂ ಕೇಳಿದನೇ?

ಎರಡು ದಿನದ ಮೇಲೆ ಮಧ್ಯಾಹ್ನ ಸವಿತಾಳ ಫೋನು ಬಂತು. ಗಂಡ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಗೋಡೆಯ ಮೇಲೆ ಇರುವೆ ಎನ್ನುತ್ತಾನೆ, ಗುಡಿಯಲ್ಲಿ ಕಟ್ಟಿ ಕೂಡಿಸಿದ್ದಾರೆ, ಬೇಗ ಬನ್ನಿ ಎಂದಳು. ಡ್ಯೂಟಿ ಡಾಕ್ಟರಿಗೆ ಹೇಳಿ ಆಸ್ಪತ್ರೆಯ ಗಾಡಿಯಲ್ಲಿ ಹೊರಟೆ. ದಾರಿಯುದ್ದಕ್ಕೂ ಡ್ರೈವರನಿಗೆ ಜೋರಾಗಿ ಹೋಗು ಎಂದು ತಲೆ ತಿಂದೆ.

ಗುಡಿಯ ಕಂಬಕ್ಕೆ ಈರಣ್ಣನನ್ನು ಸೊಂಟದಲ್ಲಿ ಹಗ್ಗ ಹಾಕಿ ಬಿಗಿದಿದ್ದರು. ತಲೆಯಿಂದ ಕಾಲಿನವರೆಗೆ ಭಂಡಾರ ಎರಚಿದ್ದರು, ಬೆವರಿಗೆ ಅದು ಕೆಸರಾಗಿ ಇಳಿಯುತ್ತಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಅವನು ಯಾರನ್ನೂ ನೋಡುತ್ತಿರಲಿಲ್ಲ. ಎಡಗೈಯಲ್ಲಿ ಏನನ್ನೋ ಎತ್ತಿ ಹಿಡಿದುಕೊಂಡು, ಬಲಗೈ ಬೆರಳು ನಾಲಿಗೆಗೆ ಮುಟ್ಟಿಸಿ, ಕಣ್ಣು ಸಣ್ಣದು ಮಾಡಿ, ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸುತ್ತಿದ್ದ. ಪೋಣಿಸಿದ, ಜಾರಿತು, ಮತ್ತೆ ಪೋಣಿಸಿದ. ನನ್ನ ಬಿಳಿ ಸೀರೆ ಕಂಡು, "ಅಕ್ಕಾರ, ಗುಂಡಿಗೆ ಕಾಜಾ ಹಾಕೂದು ಉಳದಾವ್ರಿ, ನೀಲಿ ದಾರ ಕೊಡ್ರಿ," ಎಂದ. ಸುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ನಕ್ಕರಲ್ಲ, ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಅವನ ಕಣ್ಣೂ ಕೆಂಪಾಗಿದ್ದವು, ಅತ್ತಿದ್ದ ಎಂದು ಕಾಣುತ್ತದೆ.

"ಕದ್ದು ಕುಡದಾನ್ರಿ ಸಿಸ್ಟರ್," ಎಂದ. "ಆಣಿ ಮುರದಾನ. ದೇವ್ರು ಹಿಡದೈತಿ. ತಪ್ಪೊಪ್ಪಿಕೊಳ್ಳೂತನ ಬಿಡೂದಿಲ್ಲ."

ಹುಡುಗ ಆಣೆ ಮುರಿದಿದ್ದರೆ ಹೀಗಾಗುತ್ತಲೇ ಇರಲಿಲ್ಲ! ಒಂದು ಪಾಕೀಟು ಕುಡಿದಿದ್ದರೆ ಕೈ ನಿಲ್ಲುತ್ತಿತ್ತು, ನಿದ್ದೆ ಬರುತ್ತಿತ್ತು, ಎಲ್ಲರೂ ಮನೆಗೆ ಹೋಗುತ್ತಿದ್ದರು. ಕೊಟ್ಟ ಮಾತು ಉಳಿಸಿಕೊಂಡದ್ದಕ್ಕೇ ಅವನು ಸಾಯುತ್ತಿದ್ದ. ಅವನನ್ನು ಮಾತು ಮುರಿದವನೆಂದು ಕಟ್ಟಿಹಾಕಿದ್ದರು. ಇದನ್ನು ನಾನು ಗುಡಿ ಎಂದೂ ನೋಡದೆ, ಹಿರಿಯರು ಎಂದೂ ನೋಡದೆ ಗಂಟಲು ಹರಿಯುವಂತೆ ಹೇಳಿದೆ. ಈಗಲೇ ಆಸ್ಪತ್ರೆಗೆ ಒಯ್ಯಬೇಕು, ಫಿಟ್ಸ್ ಬಂದರೆ ಕೈ ಮೀರುತ್ತದೆ ಎಂದೆ. ಹಗ್ಗಕ್ಕೆ ಕೈ ಹಾಕಿದರೆ ಕಾಕಾ ಅಡ್ಡ ಬಂದ. ಆಣೆ ಮಾಡಿದ ಮೇಲೆ ಗುಳಿಗೆಯ ಆಸರೆ ತೆಗೆದುಕೊಂಡರೆ ಆಣೆಗೆ ಬೆಲೆಯೇನು, ದೇವರಿಗೆ ಮೋಸ ಮಾಡಿದಂತೆ ಆಗುತ್ತದೆ, ಮನೆತನಕ್ಕೆ ತಟ್ಟುತ್ತದೆ ಎಂದ. ಹಿರಿಯರು ಹೌದು ಹೌದು ಎಂದು ತಲೆ ಆಡಿಸಿದರು.

ಆಗ ಸವಿತಾ ಮುಂದೆ ಬಂದಳು. ತನಗೆ ಮಾವನಾಗಬೇಕಾದ ಕಾಕಾನ ಸರಿಸಮ ನಿಂತು ಮಾತಾಡಿದ ಹುಡುಗಿಯಲ್ಲ, ಅವನ ಎದುರು ಸೆರಗು ಸರಿಮಾಡಿಕೊಂಡೇ ನಿಲ್ಲುವವಳು. ನನ್ನ ಕೈ ಸರಿಸಿ ತಾನೇ ಹಗ್ಗದ ಗಂಟಿಗೆ ಕೈ ಹಾಕಿದಳು.

"ಭಂಡಾರ ಮುಟ್ಟಿದಾಂವ ಅಂವ. ನಾ ಮುಟ್ಟಿಲ್ಲ," ಎಂದಳು. "ಅಂವಗ ಗುಳಗಿ ಕೊಡಾಕಿ ನಾ. ಪಾಪ ಬಂದ್ರ ನನಗ ಬರ್ಲಿ. ಬಾಜೂಕ ಸರೀರಿ ಮಾವಾರ."

ಕಾಕಾ ಸರಿದ. ಹಿರಿಯರೂ ಸರಿದರು. ನಾನೂ ಡ್ರೈವರನೂ ಈರಣ್ಣನನ್ನು ಎತ್ತಿಕೊಂಡು ಗಾಡಿಗೆ ಹಾಕಿದೆವು. ಗಾಡಿಯಲ್ಲೂ ಅವನು ಕಾಜಾ ಹಾಕುತ್ತಲೇ ಇದ್ದ. ಬಾಗೇವಾಡಿ ಮುಟ್ಟುವ ಮೊದಲು ಒಂದು ಸಲ ಫಿಟ್ಸ್ ಬಂತು. ಸವಿತಾ ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಬೀರಪ್ಪನ ಹೆಸರನ್ನೇ ಹೇಳುತ್ತಿದ್ದಳು. ಯಾರ ಗುಡಿಯಿಂದ ಗಂಡನನ್ನು ಬಿಡಿಸಿಕೊಂಡು ಬಂದಳೋ ಆ ದೇವರನ್ನೇ ಕರೆಯುತ್ತಿದ್ದಳು.

ಈರಣ್ಣ ಉಳಿದ. ಸಮಯಕ್ಕೆ ಇಂಜೆಕ್ಷನ್ ಬಿತ್ತು, ಡ್ಯೂಟಿ ಡಾಕ್ಟರ್ ಪಕ್ಕದಿಂದ ಅಲುಗಲಿಲ್ಲ. ಮತಿ ತಿಳಿಯಾದ ಮೇಲೆ ಅವನು ಮೊದಲು ಕೇಳಿದ್ದು, ನಾನು ಕುಡಿದೆನಾ ಎಂದು. ಇಲ್ಲಪ್ಪಾ, ಕುಡಿದಿಲ್ಲ ಎಂದೆ. ಅವನು ಗೋಡೆಯ ಕಡೆ ಹೊರಳಿ ಮಲಗಿದ, ಹೆಗಲು ಅಲುಗುತ್ತಿತ್ತು.

ಮನೋವೈದ್ಯರು ಬಂದ ದಿನ ಗಂಡಹೆಂಡಿರನ್ನು ಕೂಡಿಸಿಕೊಂಡು ಮಾತಾಡಿದರು. ಹುಡುಗಿಯರೆ, ಇದನ್ನು ಮನಸ್ಸಿಟ್ಟು ಓದಿರಿ, ಕೆಲಸ ಹೇಗೆ ಮಾಡಬೇಕೆಂದು ನಾನು ಅವತ್ತು ನೋಡಿದೆ. ಅವಸರವಿಲ್ಲ, ಬುದ್ಧಿವಾದವಿಲ್ಲ. ಈಗ ದಾಟಿದ್ದು ಮೊದಲ ಗಂಡಾಂತರ ಮಾತ್ರ, ಆಸೆ ತಿರುಗಿ ಬರುತ್ತದೆ, ಅದನ್ನು ತಗ್ಗಿಸಲು ಗುಳಿಗೆ ಇದೆ ಎಂದರು. ಎಲ್ಲರಿಗೂ ಒಂದೇ ತರಹ ಹಿಡಿಸುವುದಿಲ್ಲ, ಮೊದಮೊದಲು ಹೊಟ್ಟೆ ತೊಳಸಬಹುದು, ಲಿವರ್ ಹೇಗಿದೆ ಎಂದು ರಕ್ತ ಪರೀಕ್ಷೆ ಮಾಡಿ ನೋಡಿಯೇ ಕೊಡುತ್ತೇನೆ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ, ಜೊತೆಗೆ ಬಂದು ಮಾತಾಡುತ್ತಲೂ ಇರಬೇಕು ಎಂದರು. ಬೇಡವೆನಿಸಿದರೆ ಬೇಡ ಎಂದು ಹೇಳುವ ಹಕ್ಕು ನಿನಗಿದೆ ಎಂದು ಈರಣ್ಣನಿಗೆ ಹೇಳಿದರು.

ಒಂದು ಚಟ ಬಿಡಲು ಹೋಗಿ ಗುಳಿಗೆಯ ಚಟ ಹತ್ತುವುದಿಲ್ಲವೇ ಎಂದು ಈರಣ್ಣ ಕೇಳಿದ. ಈ ಗುಳಿಗೆಯಿಂದ ಅಮಲು ಏರುವುದಿಲ್ಲ, ಚಟ ಹತ್ತುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಸವಿತಾ ತಡೆದು ತಡೆದು ಇನ್ನೊಂದು ಪ್ರಶ್ನೆ ಕೇಳಿದಳು. ಒಂದು ವೇಳೆ ಇವನು ನಡುವೆ ಒಲ್ಲೆ ಎಂದರೆ ಚಹಾದಲ್ಲಿ ಪುಡಿ ಮಾಡಿ ಹಾಕಬಹುದೇ? ಡಾಕ್ಟರ್ ಬಾಯಿ ತೆಗೆಯುವ ಮೊದಲೇ ನಾನು ಹೊರ್ತಿಯ ಹೆಣ್ಣುಮಗಳ ಕಥೆ ಹೇಳಿದೆ. ಸವಿತಾ ಗಂಡನ ಮುಖ ನೋಡಿದಳು. ನೀನೇ ಕೈಯಲ್ಲಿ ಕೊಡು, ನಿನ್ನ ಎದುರಿಗೇ ನುಂಗುತ್ತೇನೆ ಎಂದ ಅವನು. ಹಾಗೇ ನಡೆಯಿತು. ಅಂಗಡಿಯ ಬಾಗಿಲು ತೆರೆಯಿತು, ಗೌಡರ ಶರ್ಟು ಮತ್ತೆ ಹೊಲಿದು ಕೊಟ್ಟ.

ಇಲ್ಲಿಗೆ ಸುಖವಾಗಿ ಮುಗಿಯಿತು ಎಂದುಕೊಂಡಿರಾ? ನಮ್ಮ ಮಂದಿ ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ!

ಕೆಲವು ತಿಂಗಳ ಮೇಲೆ ಕಾಕಾ ಮನೆಗೆ ಬಂದಾಗ ಗೋಡೆಯ ಮಾಡದಲ್ಲಿದ್ದ ಗುಳಿಗೆ ಕಣ್ಣಿಗೆ ಬಿತ್ತು. ಈಗ ನೆಟ್ಟಗಾಗಿದ್ದಾನೆ, ಇನ್ನೂ ಯಾಕೆ ಈ ಗುಳಿಗೆ, ನೆಟ್ಟಗಾದದ್ದು ದೇವರ ಆಣೆಯಿಂದ ಎಂದು ತಗೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದ. ಅದೇ ಕಾಕಾ ಸಕ್ಕರೆ ಕಾಯಿಲೆಗೆ ದಿನವೂ ಗುಳಿಗೆ ನುಂಗಿ ಮಜ್ಜಿಗೆ ಕುಡಿಯುವ ಮನುಷ್ಯ! ಸಕ್ಕರೆಗೆ ಗುಳಿಗೆ ನುಂಗುವಾಗ ಅವನಿಗೆ ಯಾರೂ ಮನಸ್ಸು ಗಟ್ಟಿ ಮಾಡಿಕೋ ಎನ್ನಲಿಲ್ಲ, ಭಂಡಾರ ಮುಟ್ಟಿಸಲಿಲ್ಲ. ಈರಣ್ಣನಿಗೂ ಒಳಗೊಳಗೆ ನಾಚಿಕೆ ಇತ್ತೆಂದು ಕಾಣುತ್ತದೆ, ಸುಮ್ಮನಾದ. ಸವಿತಾ ಮತ್ತೆ ತರುತ್ತೇನೆ ಎಂದರೆ ನೋಡೋಣ ನೋಡೋಣ ಎಂದ. ಹೊಸ ಮನೆಯ ಪೂಜೆಗೆಂದು ಇಂಗಳೇಶ್ವರದ ನೆಂಟರಲ್ಲಿಗೆ ಹೋದವನು ಕುಡಿದು ಬಂದ. ಮರುದಿನ ಮತ್ತೆ ಕುಡಿದ.

ಆಗ ಕಾಕಾ ಊರ ತುಂಬ ಹೇಳಿದ್ದೇನು ಗೊತ್ತೇ? ಗುಳಿಗೆ ತಿಂದರೂ ಕುಡಿದ ನೋಡಿರಿ, ಗುಳಿಗೆಯಿಂದ ಏನೂ ಆಗುವುದಿಲ್ಲ ಎಂದು. ಒಲೆಗೆ ಹಾಕಿದವನೇ ಈ ಮಾತು ಹೇಳಿದ! ಸವಿತಾ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ವಾರ್ಡಿನಲ್ಲಿದ್ದೆ, ಕೈಯಲ್ಲಿದ್ದ ಟ್ರೇ ಟೇಬಲ್ಲಿನ ಮೇಲೆ ಕುಕ್ಕಿದ ಸದ್ದಿಗೆ ಪೇಷಂಟುಗಳು ಎದ್ದು ಕೂತರು.

ಈ ಸಲ ಈರಣ್ಣ ತಾನೇ ಬಂದ. ಹೆಂಡತಿ ಕರೆತರಲಿಲ್ಲ, ಕಾಕಾನನ್ನು ಕೇಳಲಿಲ್ಲ. ಡಾಕ್ಟರರ ಮುಂದೆ ತಲೆ ತಗ್ಗಿಸಿ ಕೂತ. ಎಡವಿದ್ದು ಔಷಧಿಯ ಸೋಲೂ ಅಲ್ಲ, ನಿನ್ನ ಸೋಲೂ ಅಲ್ಲ, ಮತ್ತೆ ಶುರು ಮಾಡೋಣ ಎಂದರು ಅವರು. ಅಂದಿನಿಂದ ಅವನು ಗುಳಿಗೆಯನ್ನು ಮಾಡದಲ್ಲಿ ಇಡಲಿಲ್ಲ. ಅಂಗಡಿಯಲ್ಲಿ ಮಷೀನಿನ ಮೇಲೆ, ಬಾಬಿನ್ನಿನ ಡಬ್ಬಿಯ ಪಕ್ಕ ಇಟ್ಟುಕೊಂಡ. ಗಿರಾಕಿಗಳ ಎದುರಿಗೇ ನುಂಗುತ್ತಿದ್ದ. ಏನು ಗುಳಿಗೆ ಎಂದು ಕೇಳಿದರೆ, ಶೆರೆಯ ಆಸೆ ತಗ್ಗಿಸೋದು ಎಂದು ಹೇಳಿ ಅಳತೆ ತೆಗೆದುಕೊಳ್ಳುತ್ತಿದ್ದ. ಮೊದಮೊದಲು ಮಂದಿ ಚೇಷ್ಟೆ ಮಾಡಿದರು. ಆಮೇಲೆ ಒಬ್ಬೊಬ್ಬರೇ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಆ ಡಾಕ್ಟರ್ ಯಾವತ್ತು ಬರುತ್ತಾರೆ ಎಂದು ಕೇಳಲು ಶುರು ಮಾಡಿದರಂತೆ. ಒಂದು ಒಂದೂವರೆ ವರ್ಷದ ಮೇಲೆ ಡಾಕ್ಟರೇ 'ಇನ್ನು ಸಾಕು' ಎಂದು ಗುಳಿಗೆ ನಿಲ್ಲಿಸಿದರು. ಮಾತಾಡಿ ಹೋಗಲು ಈರಣ್ಣ ಈಗಲೂ ಬರುತ್ತಾನೆ.

ನಾನು ನಿವೃತ್ತಳಾದೆ. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟು ನಿಂತಂತಾಯಿತು. ನೋಡಿದರೆ ಗುರಪ್ಪ ಕಾಕಾ. ಮುಖ ಇಳಿದುಹೋಗಿತ್ತು, ತಲೆಗೆ ಸುತ್ತಿದ ಪಟಗದ ತುದಿಯಿಂದ ಬೆವರು ಒರೆಸಿಕೊಳ್ಳುತ್ತಿದ್ದ. ನೀರು ಕೊಟ್ಟೆ, ಕೂಡಿಸಿದೆ. ಬಹಳ ಹೊತ್ತು ಮಳೆ ಬೆಳೆ ಎಂದು ಏನೇನೋ ಮಾತಾಡಿ, ಕಡೆಗೆ ಸಂಗತಿ ಹೊರಗೆ ಬಂತು. ಅವನ ಸ್ವಂತ ಮಗ ಸಿದ್ದು ಕುಡಿತಕ್ಕೆ ಬಿದ್ದಿದ್ದಾನೆ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ.

ಭಂಡಾರ ಮುಟ್ಟಿಸಲಿಲ್ಲವೇ ಎಂದು ನನ್ನ ಬಾಯಿಗೆ ಬಂತು. ನುಂಗಿಕೊಂಡೆ.

"ಆ ಗುಳಗಿ ನಿಮಗ ಸಿಗ್ತಾವಲ್ರಿ," ಎಂದ ಕಾಕಾ, ದನಿ ತಗ್ಗಿಸಿ. "ಒಂದಿಷ್ಟು ಕೊಡಸ್ರಿ. ಗೊತ್ತಾಗದಂಗ ಚಾದಾಗ ಹಾಕ್ತೇನಿ. ಮನ್ಯಾಗೂ ಹೇಳೂದಿಲ್ಲ, ಊರಾಗೂ ಹೇಳೂದಿಲ್ಲ."

ಅದುವರೆಗೆ ತಡೆದಿದ್ದೆ. ಇನ್ನು ತಡೆಯಲಾಗಲಿಲ್ಲ. ಅಣ್ಣನ ಮಗನ ಗುಳಿಗೆಯನ್ನು ಹಗಲುಹೊತ್ತು ಎಲ್ಲರೆದುರು ಒಲೆಗೆ ಹಾಕಿದ ಕೈ ಇದು, ಈಗ ತನ್ನ ಮಗನಿಗೆ ಅದನ್ನೇ ಕದ್ದು ಹಾಕುತ್ತೇನೆ ಎನ್ನುತ್ತಿದೆ. ಬೈದೆ. ಹಿರಿಯ ಮನುಷ್ಯ ಎಂದು ನೋಡಲಿಲ್ಲ, ಗುಡಿಯ ಕಂಬ, ಹಗ್ಗ, ಒಲೆ, ಊರ ತುಂಬ ಆಡಿದ ಮಾತು, ಒಂದನ್ನೂ ಬಿಡಲಿಲ್ಲ. ಅವನು ನೆಲ ನೋಡುತ್ತ ಕೂತೇ ಇದ್ದ. ನನಗೇ ಉಸಿರು ಹತ್ತಿತು.

ನನ್ನ ಹತ್ತಿರ ಗುಳಿಗೆ ಇಲ್ಲ, ಇದ್ದರೂ ಹೀಗೆ ಕೊಡುವುದಿಲ್ಲ ಎಂದೆ. ಡಾಕ್ಟರ್ ಎಲ್ಲಿ, ಯಾವತ್ತು, ಏನು ಎಂದು ನಿನ್ನ ಮನೆತನದಲ್ಲೇ ಒಬ್ಬ ಬಲ್ಲವನಿದ್ದಾನೆ, ಅವನನ್ನು ಕೇಳು ಎಂದೆ. ಅವನ ಮುಂದೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದ ಕಾಕಾ. ನಾನೇ ಈರಣ್ಣನಿಗೆ ಫೋನು ಹಚ್ಚಿದೆ.

ಅವನು ಹಿಪ್ಪರಗಿಯಿಂದ ಬೈಕಿನಲ್ಲಿ ಬಂದ. ಅಳತೆ ಟೇಪು ಕೊರಳಲ್ಲೇ ಇತ್ತು, ಅಂಗಡಿಯಿಂದ ಎದ್ದವನು ಹಾಗೇ ಬಂದಿದ್ದ. ನಾನು ಎಲ್ಲ ಹೇಳಿದೆ, ಚಹಾದ ಮಾತನ್ನೂ ಹೇಳಿದೆ. ಇವನೂ ನಾಲ್ಕು ಮಾತು ಬೈಯಲಿ ಎಂದು ನನಗಿತ್ತು, ಸುಳ್ಳು ಯಾಕೆ ಹೇಳಲಿ. ಈರಣ್ಣ ಬೈಯಲಿಲ್ಲ. ಕಾಕಾನ ರಟ್ಟೆ ಹಿಡಿದು ಎಬ್ಬಿಸಿದ. ಆ ಕೈಯನ್ನು ನಾನು ನೋಡಿದೆ, ಒಂದಿಷ್ಟೂ ನಡುಗುತ್ತಿರಲಿಲ್ಲ.

"ಗಾಡಿ ಮ್ಯಾಲೆ ಕೂಡ್ರಿ ಕಾಕಾ, ಹೋಗೂಣು," ಎಂದ. ಆಸ್ಪತ್ರೆಗಾ ಎಂದು ಕಾಕಾ ಕೇಳಿದ.

"ಅಲ್ರಿ, ಮನೀಗೆ. ಮೊದಲ ಸಿದ್ದೂನ್ನ ಕೇಳೂಣು, ಬರ್ತಿಯೇನು ಅಂತ. ನನ್ನ ನೀವು ಕೇಳಿದ್ದಿಲ್ಲ."

ಕಾಕಾ ಚಪ್ಪಲಿ ಮೆಟ್ಟುವುದನ್ನು ಮರೆತು ಬರಿಗಾಲಲ್ಲೇ ಬೈಕಿನ ಹಿಂದೆ ಕೂತ. ಈರಣ್ಣ ಇಳಿದು ಬಂದು ಚಪ್ಪಲಿ ಎತ್ತಿಕೊಂಡು ಹೋಗಿ ಅವನ ಕಾಲ ಬಳಿ ಇಟ್ಟ.